ರಿಜೆಕ್ಟ್ ಬಟನ್ ತೆಗೆದ ವರ್ಷ

ನನ್ನ ಟೇಬಲ್ಲು ಪ್ಯಾಸೇಜಿನಲ್ಲಿತ್ತು. ಶಿವಾಜಿನಗರಕ್ಕೂ ಹಲಸೂರಿಗೂ ನಡುವೆ, ಗೋಡೆಗಿಂತ ಕಿಟಕಿಯೇ ಹೆಚ್ಚಾಗಿದ್ದ ಒಂದು ಹಳೆಯ ಬಾಡಿಗೆ ಬಂಗಲೆ ನಮ್ಮ ಕಂಪನಿಯ ಆಫೀಸು. ಒಳಗೆ ಕಾಲಿಟ್ಟರೆ ಎಡಕ್ಕೆ ಜನರಲ್ ಮ್ಯಾನೇಜರರ ಕೋಣೆ, ಬಲಕ್ಕೆ ಅಕೌಂಟ್ಸ್, ನೆಟ್ಟಗೆ ನಡೆದರೆ ಡ್ರಾಯಿಂಗ್ ಆಫೀಸಿನ ದೊಡ್ಡ ಹಾಲು. ಈ ಮೂರಕ್ಕೂ ಸೇರದ ನಡುವಿನ ಜಾಗದಲ್ಲಿ ಕಂಪ್ಯೂಟರ್ ವೈರುಗಳ ರ‍್ಯಾಕು, ಅದರ ಪಕ್ಕ ಕುಡಿಯುವ ನೀರಿನ ಫಿಲ್ಟರು, ಫಿಲ್ಟರಿನ ಪಕ್ಕ ನಾನು. ನೀರು ಕುಡಿಯಲು ಬಂದವರೆಲ್ಲ ನನ್ನ ಮಾನಿಟರಿನೊಳಗೆ ಇಣುಕಿ, "ಏನ್ ಮೇಡಂ, ಇವತ್ತೂ ನೆಟ್ ಸ್ಲೋನಾ?" ಎಂದು ವಿಚಾರಿಸಿ ಹೋಗುತ್ತಿದ್ದರು. ಕಂಪ್ಯೂಟರು ನೋಡಿಕೊಳ್ಳುವವಳು ರ‍್ಯಾಕಿನ ಹತ್ತಿರವೇ ಇರಬೇಕು ಎಂಬುದು ಜನರಲ್ ಮ್ಯಾನೇಜರರ ಸಿದ್ಧಾಂತ.

ನನ್ನ ಕುರ್ಚಿಯಿಂದ ಹಾಲಿನ ತೆರೆದ ಬಾಗಿಲು ಕಾಣುತ್ತಿತ್ತು. ಉತ್ತರದ ಕಿಟಕಿಗಳಿಂದ ದಿನವಿಡೀ ಒಂದೇ ಸಮನೆ ಬೆಳಕು. ಡ್ರಾಯಿಂಗ್ ಬೋರ್ಡುಗಳು ಹೋಗಿ ಕಂಪ್ಯೂಟರು ಬಂದಿದ್ದರೂ ತೇಗದ ಟೇಬಲ್ಲುಗಳು ಉಳಿದಿದ್ದವು. ಅಲ್ಲಿ ಕೂತವರು ಒಬ್ಬರ ಡಬ್ಬಿಯಿಂದ ಒಬ್ಬರು ತಿನ್ನುತ್ತಿದ್ದರು, ಒಬ್ಬರ ಗೆರೆಗೆ ಒಬ್ಬರು ತಕರಾರು ತೆಗೆಯುತ್ತಿದ್ದರು, ಹನ್ನೊಂದರ ಟೀ ಹೊತ್ತಿಗೆ ಯಾವುದೋ ಮಾತಿಗೆ ಹಾಲಿಗೆ ಹಾಲೇ ನಗುತ್ತಿತ್ತು. ನಗು ನನ್ನ ತನಕ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ನನಗೆ ಆ ಹಾಲಿನೊಳಗೆ ಒಂದು ಜಾಗ ಬೇಕಾಗಿತ್ತು. ಸುತ್ತಿ ಬಳಸಿ ಹೇಳುವುದೇನಿದೆ, ಆ ಬಂಗಲೆಯಲ್ಲಿದ್ದಷ್ಟು ಕಾಲ ನಾನು ಮನಸ್ಸಿನಲ್ಲಿ ಬೇರೇನನ್ನೂ ಅಷ್ಟು ಬಯಸಲಿಲ್ಲ.

ಹಾಲಿನ ಯಜಮಾನರು ಚೀಫ್ ಡ್ರಾಫ್ಟ್ಸ್‌ಮನ್. ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಆಫೀಸಿನಲ್ಲಿ ಕನ್ನಡ, ಬೈಯುವುದಕ್ಕೆ ಮಾತ್ರ ಇಂಗ್ಲಿಷು. ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ಅವರ ಕೈಬರಹ ಅಚ್ಚಿನಂತಿತ್ತು, ಡ್ರಾಯಿಂಗಿನ ಮೂಲೆಯ ಅಕ್ಷರ ನೋಡಿಯೇ ಕಾರ್ಖಾನೆಯವರು ಇದು ಯಾರದು ಎಂದು ಹೇಳುತ್ತಿದ್ದರು. ನೀರಿಗೆ ಬಂದಾಗಲೆಲ್ಲ ನನ್ನನ್ನು ನೋಡಿ, "ಏನಮ್ಮ, ಟಿಕೆಟ್ ಕೌಂಟರಲ್ಲಿ ಕೂತಂಗೆ ಕೂತಿದ್ದೀರ. ಒಳಗೆ ಬನ್ನಿ, ಒಂದು ಟೇಬಲ್ ಹಾಕಿಸ್ತೀನಿ" ಎನ್ನುತ್ತಿದ್ದರು. ಹಾಕಿಸುವ ಅಧಿಕಾರ ಅವರಿಗಿರಲಿಲ್ಲ.

ನಾವು ತಯಾರಿಸುತ್ತಿದ್ದದ್ದು ದೊಡ್ಡ ಪೈಪುಗಳಿಗೆ ಹಾಕುವ ವಾಲ್ವು. ಡ್ರಾಯಿಂಗ್ ಇಲ್ಲಿ, ಕಾರ್ಖಾನೆ ಗರುಡಾಚಾರ್‌ಪಾಳ್ಯದಲ್ಲಿ. ನಡುವೆ ಕಂಪನಿಯ ಬಿಳಿ ವ್ಯಾನು. ಬೆಳಿಗ್ಗೆ ಡ್ರಾಯಿಂಗುಗಳ ಸುರುಳಿ ಹೊತ್ತು ಹಳೇ ಮದ್ರಾಸ್ ರಸ್ತೆ ಹಿಡಿದು, ಟಿನ್ ಫ್ಯಾಕ್ಟರಿಯ ಸಿಗ್ನಲ್ಲಿನಲ್ಲಿ ಸಾಕಷ್ಟು ಹೊಗೆ ಕುಡಿದು, ಕೆ.ಆರ್. ಪುರದ ತೂಗುಸೇತುವೆ ದಾಟಿ ಅಲ್ಲಿಗೆ ಹೋಗುತ್ತಿತ್ತು. ವ್ಯಾನು ಹೊರಟ ಮೇಲೆ ಡ್ರಾಯಿಂಗಿನಲ್ಲಿ ಏನಾದರೂ ಬದಲಾದರೆ ಫೋನು ಮಾಡಬೇಕು, ಅಲ್ಲಿ ಯಾರೋ ಪೆನ್ಸಿಲಿನಲ್ಲಿ ತಿದ್ದಿಕೊಳ್ಳಬೇಕು. ಒಂದು ಸಲ ಫೋನು ಹೋಯಿತು, ಪೆನ್ಸಿಲು ಮುಟ್ಟಲಿಲ್ಲ. ಒಂದಿಡೀ ಲಾಟಿನ ವಾಲ್ವುಗಳಿಗೆ ಹಳೆಯ ಅಳತೆಯಲ್ಲೇ ತೂತು ಬಿತ್ತು. ನಮ್ಮ ಅತಿ ದೊಡ್ಡ ಗಿರಾಕಿ ಎಲ್ಲವನ್ನೂ ಲಾರಿಗೆ ಹೇರಿ ವಾಪಸ್ ಕಳಿಸಿದ.

ಮರುದಿನ ಜನರಲ್ ಮ್ಯಾನೇಜರರು ಹಾಲಿನಲ್ಲೇ ನಿಂತು ಮಾತಾಡಿದರು. "ಒಂದೇ ಊರಲ್ಲಿದ್ದೀವಿ. ಇಲ್ಲಿಂದ ಅಲ್ಲಿಗೆ ಒಂದು ಕಾಗದ ನೆಟ್ಟಗೆ ಹೋಗಲ್ಲ ಅಂದ್ರೆ ಏನ್ರೀ ಅರ್ಥ? ಡ್ರಾಯಿಂಗ್ ಆಫೀಸನ್ನೇ ಫ್ಯಾಕ್ಟರಿಗೆ ಎತ್ತಾಕ್ಬಿಡ್ತೀನಿ. ಸ್ಟೋರ್ಸ್ ಮೇಲೆ ಜಾಗ ಖಾಲಿ ಇದೆ."

ಸ್ಟೋರ್ಸ್ ಮೇಲಿನ ಜಾಗ ಎಲ್ಲರಿಗೂ ಗೊತ್ತಿತ್ತು. ತಗಡಿನ ಮಾಡು, ಕೆಳಗೆ ಗ್ರೈಂಡಿಂಗ್ ಯಂತ್ರಗಳ ಕಿರುಚಾಟ. ಹಾಲಿನವರೆಲ್ಲ ಹಲಸೂರು, ಕಮ್ಮನಹಳ್ಳಿ, ಶಿವಾಜಿನಗರದ ಕಡೆಯವರು, ಅರ್ಧ ಜನ ಕೆಲಸವನ್ನೇ ಬಿಡುತ್ತಿದ್ದರು. ಚೀಫ್ ತಮ್ಮ ಟೇಬಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ನನಗೆ ಎಲ್ಲಿಂದ ಧೈರ್ಯ ಬಂತೋ, "ಸರ್, ಪೋರ್ಟಲ್ ಮಾಡೋಣ" ಎಂದುಬಿಟ್ಟೆ. ನಾನು ಹೊಕ್ಕು ಕೂರಬೇಕೆಂದಿದ್ದ ಹಾಲನ್ನೇ ಯಾರೋ ಎತ್ತಿಕೊಂಡು ಹೋಗುವುದನ್ನು ನನಗೆ ಸಹಿಸಲಾಗಲಿಲ್ಲ.

ಜನರಲ್ ಮ್ಯಾನೇಜರರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಹೇಳಿದ್ದು ಇಷ್ಟು: "ಆಯುಧ ಪೂಜೆವರೆಗೆ ಟೈಮ್. ಆಮೇಲೆ ವ್ಯಾನಲ್ಲಿ ಒಂದು ಡ್ರಾಯಿಂಗ್ ಹೋದ್ರೂ, ಅದರ ಹಿಂದೇನೇ ಡ್ರಾಯಿಂಗ್ ಆಫೀಸೂ ಹೋಗುತ್ತೆ."

ಪೋರ್ಟಲ್ ಎಂದರೆ ಕಂಪನಿಯ ಒಳಗೆ ಮಾತ್ರ ತೆರೆಯುವ ವೆಬ್‌ಸೈಟು. ಅದರೊಳಗೆ ಬೇರೆ ಬೇರೆ ಕೋಣೆಗಳು, ಕೋಣೆಯೊಳಗೆ ಡ್ರಾಯಿಂಗುಗಳು. ಒಂದು ಡ್ರಾಯಿಂಗಿಗೆ ಚಾಲ್ತಿಯ ಪ್ರತಿ ಒಂದೇ, ಹಳೆಯ ಪ್ರತಿಗಳೆಲ್ಲ ಅದರ ಕೆಳಗೆ. ಒಬ್ಬರು ತಿದ್ದಲು ತೆಗೆದುಕೊಂಡರೆ ಉಳಿದವರಿಗೆ ಬೀಗ. ತಿದ್ದಿ ಇಟ್ಟ ಮೇಲೆ ಕಾರ್ಖಾನೆಯ ಪರಿಶೀಲಕರು ನೋಡಿ ಒಪ್ಪಬೇಕು, ಒಪ್ಪಿದರಷ್ಟೇ ಅಲ್ಲಿ ಪ್ರಿಂಟು ಬರುತ್ತದೆ. ಸಾಫ್ಟ್‌ವೇರ್ ಕೊಂಡದ್ದು, ಸರ್ವರನ್ನು ನನ್ನ ಪಕ್ಕದ ರ‍್ಯಾಕಿನಲ್ಲಿ ಕೂರಿಸಿದ್ದು, ಕಾರ್ಖಾನೆಗೆ ಲೈನು ಎಳೆಸಿದ್ದು ಇವೆಲ್ಲ ಬೇಗ ಮುಗಿದವು. ಯಂತ್ರ ಹೇಳಿದ ಮಾತು ಕೇಳುತ್ತದೆ. ಜನರ ವಿಷಯಕ್ಕೆ ಬಂದಾಗ ನನ್ನ ಜಂಬ ಇಳಿಯಿತು.

ಮೊದಲು ನಾನು ಧಾರಾಳಿಯಾದೆ. ಯಾರು ಬೇಕಾದರೂ ಕೋಣೆ ತೆರೆಯಬಹುದು ಎಂದೆ, ಹಾಗಾದರೆ ಎಲ್ಲರಿಗೂ ಅದು ತಮ್ಮದು ಅನ್ನಿಸುತ್ತದೆ ಎಂದು ಎಲ್ಲೋ ಓದಿದ್ದೆ. ಅನ್ನಿಸಿತು, ವಿಪರೀತ ಅನ್ನಿಸಿತು. ಹಾಲಿನಲ್ಲಿ ತಲೆಗೊಂದು ಕೋಣೆ, ಅಕೌಂಟ್ಸಿನಲ್ಲಿ ಇಬ್ಬರಿಗೆ ಮಾತು ಬಿಟ್ಟಿತ್ತೆಂದು ಎರಡು ಕೋಣೆ, ಕ್ರಿಕೆಟ್ ಟೀಮಿಗೊಂದು. ಒಂದೇ ವಾಲ್ವಿನ ಡ್ರಾಯಿಂಗು ನಾಲ್ಕು ಕೋಣೆಗಳಲ್ಲಿ 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್', 'ಚೀಫ್ ಹೇಳಿದ ಫೈನಲ್' ಎಂಬ ಹೆಸರಿನಲ್ಲಿ ಕೂತಿತ್ತು. ಹಳೆಯ ರೋಗಕ್ಕೆ ನಾನು ಕರೆಂಟು ಕೊಟ್ಟಿದ್ದೆ.

ಸಿಟ್ಟು ಬಂದು ಎಲ್ಲವನ್ನೂ ಮುಚ್ಚಿದೆ. ಇನ್ನು ಮುಂದೆ ಕೋಣೆ ಬೇಕಾದವರು ಕಾರಣ ಬರೆದು ಕೊಡಬೇಕು, ಮೂವರ ಸಮಿತಿ ತೀರ್ಮಾನಿಸುತ್ತದೆ ಎಂದೆ. ಆಮೇಲೆ ಆ ಕಡೆ ಯಾರೂ ತಲೆ ಹಾಕಲಿಲ್ಲ. ತಮಾಷೆಯೆಂದರೆ ವಾರದ ವರದಿಯಲ್ಲಿ ಮಾತ್ರ ಬಳಕೆಯ ಗೆರೆ ಏರುತ್ತಲೇ ಇತ್ತು. ಜನರಲ್ ಮ್ಯಾನೇಜರರು ಖುಷಿಯಾಗಿ ಅದನ್ನು ಎರಡು ಸಲ ಹೊಗಳಿದರು. ಕಾರಣ ನನಗೆ ಗೊತ್ತಿತ್ತು: ಎಲ್ಲರ ಬ್ರೌಸರಿನಲ್ಲೂ ಮೊದಲು ತೆರೆಯುವ ಪುಟವಾಗಿ ಪೋರ್ಟಲನ್ನೇ ಇಟ್ಟಿದ್ದವಳು ನಾನು. ಯಾರೋ ಮ್ಯಾಚಿನ ಸ್ಕೋರು ನೋಡಲು ಹೋದರೂ ದಾರಿಯಲ್ಲಿ ನನ್ನ ಪುಟ ತುಳಿದೇ ಹೋಗಬೇಕು. ಆ ಗ್ರಾಫನ್ನು ವರದಿಯಿಂದ ನಾನೇ ಕಿತ್ತು ಹಾಕಿದೆ. ಅದರ ಬದಲು ಒಂದೇ ಪ್ರಶ್ನೆ ಇಟ್ಟುಕೊಂಡೆ: ಇವತ್ತು ವ್ಯಾನಿನಲ್ಲಿ ಸುರುಳಿ ಹೋಯಿತೇ, ಇಲ್ಲವೇ?

ಹೋಗುತ್ತಿತ್ತು.

ಮತ್ತೆ ಕೂತು ಲೆಕ್ಕ ಹಾಕಿದೆ. ಮನುಷ್ಯರಿಗೊಂದು, ವಿಭಾಗಕ್ಕೊಂದು ಎಂಬ ಕೋಣೆಗಳನ್ನೆಲ್ಲ ತೆಗೆದು, ಒಂದೊಂದು ಬಗೆಯ ವಾಲ್ವಿಗೆ ಒಂದೊಂದು ಕೋಣೆ ಮಾಡಿದೆ. ಪ್ರತಿ ಕೋಣೆಗೂ ಇಬ್ಬರು ಜವಾಬ್ದಾರರು, ಹಾಲಿನಿಂದ ಒಬ್ಬರು, ಕಾರ್ಖಾನೆಯಿಂದ ಒಬ್ಬರು. ಇಬ್ಬರೂ ಒಪ್ಪದೆ ಅಲ್ಲಿ ಏನೂ ಸೇರುವಂತಿಲ್ಲ, ಏನೂ ಅಳಿಯುವಂತಿಲ್ಲ. ಕ್ರಿಕೆಟ್ ಟೀಮಿನ ಕೋಣೆಯನ್ನು ಮುಟ್ಟಲಿಲ್ಲ, ಯಾಕೆಂದರೆ ಜನ ತಾವಾಗಿ ಬರುತ್ತಿದ್ದ ಜಾಗ ಅದೊಂದೇ. ಅದನ್ನು ಮುಂಬಾಗಿಲಿಗೆ ತಂದು, ಪಕ್ಕದಲ್ಲಿ ವ್ಯಾನು ಹೊರಡುವ ಸಮಯ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಮುದ್ದೆಯೋ ಚಪಾತಿಯೋ ಎಂಬುದನ್ನೂ ಹಾಕಿದೆ. ಗರುಡಾಚಾರ್‌ಪಾಳ್ಯದವರು ಬೆಳಿಗ್ಗೆ ಬಂದ ಕೂಡಲೇ ಪೋರ್ಟಲ್ ತೆರೆಯತೊಡಗಿದರು. ಡ್ರಾಯಿಂಗುಗಳೂ ಬಂದು ಕೂತವು. ಇನ್ನೇನು ಗೆದ್ದೆ ಎಂದುಕೊಂಡೆ.

ಆಗ ಇನ್ನೊಂದು ತೊಡಕು ಬಂತು. ಸರಿಯಿದ್ದ ಡ್ರಾಯಿಂಗಿಗೆ ಕಾರ್ಖಾನೆಯಿಂದ ಒಪ್ಪಿಗೆ ಸರಸರ ಬರುತ್ತಿತ್ತು. ಏನಾದರೂ ತಪ್ಪಿದ್ದದ್ದು ಮಾತ್ರ ಅಲ್ಲೇ ಕೊಳೆಯುತ್ತಿತ್ತು. ಪರಿಶೀಲಕರ ಪರದೆಯಲ್ಲಿ ಎರಡು ಬಟನ್ನು, ಅಪ್ರೂವ್ ಮತ್ತು ರಿಜೆಕ್ಟ್. ಎರಡನೆಯದನ್ನು ಅಷ್ಟು ದಿನದಲ್ಲಿ ಯಾರೂ ಒಮ್ಮೆಯೂ ಒತ್ತಿರಲಿಲ್ಲ. ಫೋನು ಮಾಡಿದರೆ ಪ್ರೊಡಕ್ಷನ್ ಮ್ಯಾನೇಜರರು, "ಸಿಸ್ಟಮ್ ಹ್ಯಾಂಗ್ ಆಗಿದೆ ಮೇಡಂ" ಎನ್ನುತ್ತಿದ್ದರು. ನನ್ನ ಸರ್ವರು ನನ್ನ ಮೊಣಕೈ ಪಕ್ಕದಲ್ಲೇ ಗುಂಯ್‌ಗುಡುತ್ತಿತ್ತು, ಅದಕ್ಕೇನೂ ಆಗಿರಲಿಲ್ಲ.

ಆಯುಧ ಪೂಜೆ ಹತ್ತಿರ ಬರುತ್ತಿತ್ತು. ಒಂದು ಬೆಳಿಗ್ಗೆ ನಾನೇ ವ್ಯಾನು ಹತ್ತಿದೆ. ಹಲಸೂರು ಕೆರೆ ದಾಟುವಾಗ ಬ್ರೇಕು ಬಿದ್ದು, ಸೀಟಿನ ಅಡಿಯಿಂದ ಏನೋ ಉರುಳಿಕೊಂಡು ನನ್ನ ಕಾಲಿಗೆ ತಾಗಿತು. ಡ್ರಾಯಿಂಗಿನ ಸುರುಳಿ. ಬಿಚ್ಚಿ ನೋಡಿದೆ, ಮೂಲೆಯಲ್ಲಿ ಚೀಫ್ ಅವರ ಅಚ್ಚಿನಂಥ ಅಕ್ಷರ. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿ ಥಟ್ಟನೆ ರಸ್ತೆ ಕಡೆ ಕಣ್ಣು ತಿರುಗಿಸಿದ. ನನಗೆ ಅಳು ಬರುವಷ್ಟು ಸಂಕಟವಾಯಿತು. ಅವರ ಹಾಲನ್ನು ಉಳಿಸಲು ನಾನು ಒದ್ದಾಡುತ್ತಿದ್ದರೆ ಅವರೇ ಕದ್ದು ಕಾಗದ ಕಳಿಸುತ್ತಿದ್ದರು.

ಪ್ರೊಡಕ್ಷನ್ ಮ್ಯಾನೇಜರರು ಹೂಡಿ ಕಡೆಯ ಹಳೆಯ ಮನೆತನದವರು. ಕಾರ್ಖಾನೆ ನಿಂತ ಜಾಗದಲ್ಲಿ ತಮ್ಮ ದೊಡ್ಡಪ್ಪ ರಾಗಿ ಬೆಳೆಯುತ್ತಿದ್ದರೆಂದು ಹೊಸಬರಿಗೆಲ್ಲ ಹೇಳುತ್ತಿದ್ದರು. ಸುರುಳಿ ನೋಡಿದ್ದೇ ಅವರು, "ನನ್ ಕೇಳ್ಬೇಡಿ ಮೇಡಂ, ಚೆಕ್ ಮಾಡೋನು ಅವ್ನು, ಅವ್ನನ್ನೇ ಕೇಳಿ" ಎಂದು ಪರಿಶೀಲಕನ ಕಡೆ ಕೈ ತೋರಿಸಿ ಜಾರಿಕೊಂಡರು. ಪರಿಶೀಲಕ ರಾಯಚೂರಿನ ಕಡೆಯ ಡಿಪ್ಲೊಮಾ ಓದಿದ ಹುಡುಗ. ಕಾರ್ಖಾನೆಯ ಹಿಂದಿನ ವಠಾರದಲ್ಲಿ ಒಂದು ರೂಮು ಮಾಡಿಕೊಂಡು ತನ್ನೂರಿನ ಇಬ್ಬರ ಜೊತೆ ಇದ್ದ.

"ಈ ಡ್ರಾಯಿಂಗ್ ಪೋರ್ಟಲಲ್ಲಿ ಬಂದು ಎಷ್ಟು ದಿನ ಆಯ್ತು? ತಪ್ಪಿದ್ರೆ ರಿಜೆಕ್ಟ್ ಒತ್ತೋಕೆ ಏನು ಕಷ್ಟ?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. "ಹೆಂಗ್ ಒತ್ಲಿರಿ ಮೇಡಂ? ನಮ್ಮಪ್ಪನಕಿಂತ ದೊಡ್ಡವ್ರು ಬರ್ದಾರ. ಅವ್ರ ಹೆಸರಿನ ಮುಂದ ಕೆಂಪಗ ರಿಜೆಕ್ಟ್ ಅಂತ ಬರ್ತದರಿ. ಎಲ್ಲಾರೂ ನೋಡ್ತಾರ. ಛಲೋ ಕಾಣ್ತದೇನ್ರಿ?"

"ಮೊದಲು ಏನು ಮಾಡ್ತಿದ್ದೆ?"

"ಶನಿವಾರ ಸರ್ ಇಲ್ಲಿ ಬರ್ತಾರಲ್ರಿ. ಚಾ ತಂದು ಕೊಟ್ಟು, ಬಾಜೂ ನಿಂತು, ಸರ್ ಇದೊಂದ್ ಚೂರು ನೋಡ್ರಿ ಅಂತಿದ್ದೆ. ಅವ್ರೇ ನೋಡ್ತಿದ್ರು, ಅವ್ರೇ ಪೆನ್ಸಿಲ್ ತಗೊಂಡು ತಿದ್ತಿದ್ರು. ತಪ್ಪಾಗ್ಯದ ಅಂತ ನಾ ಒಮ್ಮೀನೂ ಅಂದಿಲ್ರಿ."

ಈಗಲೂ ಅದೇ ನಡೆದಿತ್ತು. ಪೋರ್ಟಲಿನಲ್ಲಿ ತಪ್ಪು ಎನ್ನಲು ಇವನಿಗೆ ಬಾಯಿಲ್ಲ. ಇವನು ಸುಮ್ಮನಿದ್ದಾನೆಂದರೆ ಏನೋ ತಪ್ಪಿದೆ ಎಂದು ಚೀಫ್ ಅವರಿಗೆ ಗೊತ್ತಾಗುತ್ತಿತ್ತು. ಶನಿವಾರ ಹೋಗಿ ಮಾತಾಡಿ ಬರುತ್ತಿದ್ದರು, ಸೋಮವಾರ ತಿದ್ದಿದ ಕಾಗದ ಸೀಟಿನಡಿ ಬರುತ್ತಿತ್ತು. ಇಬ್ಬರೂ ಒಬ್ಬರ ಮರ್ಯಾದೆ ಒಬ್ಬರು ಕಾಯುತ್ತ, ಇಬ್ಬರೂ ಸೇರಿ ಹಾಲನ್ನು ಮುಳುಗಿಸುತ್ತಿದ್ದರು.

ಸಂಜೆ ಚೀಫ್ ನೀರು ಕುಡಿಯಲು ಬಂದಾಗ ಸುರುಳಿಯನ್ನು ನನ್ನ ಟೇಬಲ್ಲಿನ ಮೇಲಿಟ್ಟೆ. ಅವರು ನೋಡಿದರು, ಲೋಟ ತುಂಬಿಕೊಂಡರು.

"ಸರ್, ನಿಮ್ಮ ಡ್ರಾಯಿಂಗನ್ನ ಯಾರಾದ್ರೂ ರಿಜೆಕ್ಟ್ ಮಾಡಿದ್ರೆ ಬೇಜಾರಾಗುತ್ತಾ?"

"ನನ್ ಸರ್ವೀಸಲ್ಲೇ ಯಾರೂ ರಿಜೆಕ್ಟ್ ಮಾಡಿಲ್ಲಮ್ಮ."

"ತಪ್ಪೇ ಆಗಿಲ್ವಾ ಹಾಗಾದ್ರೆ?"

ಅವರು ನಕ್ಕರು. "ಬೇಕಾದಷ್ಟು ಆಗಿದೆ. ಬಂದು ಮಾತಾಡ್ತಿದ್ರು. ಮಾತಾಡಿದ ಮೇಲೆ ಅದು ತಪ್ಪಲ್ಲ, ಕೆಲಸ."

ಅವರು ಹೋದ ಮೇಲೆ ಪರಿಶೀಲಕರ ಪರದೆ ತೆರೆದು ನೋಡಿದೆ. ಆಮೇಲೆ ರಿಜೆಕ್ಟ್ ಬಟನ್ನನ್ನು ತೆಗೆಯುವುದೆಂದು ತೀರ್ಮಾನಿಸಿದೆ. ಅದರ ಜಾಗದಲ್ಲಿ ಒಂದೇ ಪದ ಬರಬೇಕು, ಮಾತಾಡೋಣ. ಅದನ್ನು ಒತ್ತಿದ ಕೂಡಲೇ ಪರದೆಯಲ್ಲಿ ಡ್ರಾಯಿಂಗಿನ ಹೆಸರು ಹಳದಿಯಾಗಿ ಅದು ತಡೆಯಾಗುತ್ತದೆ, ಪ್ರಿಂಟು ಬರುವುದಿಲ್ಲ. ಆ ವಿಷಯದಲ್ಲಿ ರಿಜೆಕ್ಟಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ಒತ್ತಿದವರು ಏನನ್ನೂ ಬರೆಯಬೇಕಾಗಿಲ್ಲ. ಆ ದಿನವೇ ಇಬ್ಬರೂ ಫೋನಿನಲ್ಲಿ ಮಾತಾಡಬೇಕು. ಮಾತು ಮುಗಿದ ಮೇಲೆ ಏನು ತಿದ್ದಬೇಕೆಂದು ಡ್ರಾಯಿಂಗು ಬರೆದವರೇ ಒಂದು ಸಾಲು ಬರೆದು, ತಿದ್ದಿ, ಮತ್ತೆ ಕಳಿಸಬೇಕು. ಅಂದರೆ ಹಿರಿಯರ ವಿರುದ್ಧ ಯಾರೂ ಬರೆದಂತಾಗುವುದಿಲ್ಲ, ಹಿರಿಯರೇ ತಮ್ಮ ಕೈಯಾರೆ ಬರೆದುಕೊಳ್ಳುತ್ತಾರೆ. ಕಾಗದ, ಪೆನ್ಸಿಲು, ಚಾ ಇವುಗಳಲ್ಲಿ ಚಾ ಒಂದು ಬಿಟ್ಟು ಉಳಿದದ್ದೆಲ್ಲ ಪೋರ್ಟಲಿಗೆ ಬಂದಂತಾಯಿತು.

ಸಾಫ್ಟ್‌ವೇರ್ ಮಾರಿದ ಕಂಪನಿಯ ಸಲಹೆಗಾರ ಇದನ್ನು ಕೇಳಿ, ಪ್ರಪಂಚದಲ್ಲಿ ಎಲ್ಲ ಕಡೆಯೂ ಅಪ್ರೂವ್, ರಿಜೆಕ್ಟ್ ಎರಡೇ ಇರುವುದು ಎಂದು ಬುದ್ಧಿ ಹೇಳಿದ. ಜನರಲ್ ಮ್ಯಾನೇಜರರಿಗೂ ಸಿಟ್ಟು ಬಂತು. "ಏನ್ರೀ ಇದು ಮದುವೆ ಮಾತುಕತೆ ಥರ? ಗಿರಾಕಿ ಕಡೆಯಿಂದ ಆಡಿಟ್‌ಗೆ ಬರ್ತಾರೆ. ಬೇಡ ಅಂದಿದ್ದಕ್ಕೆ ರೆಕಾರ್ಡ್ ಎಲ್ಲಿ ಅಂತಾರೆ. ಏನ್ ತೋರಿಸ್ತೀರ?"

"ಇದುವರೆಗೂ ಒಂದು ರಿಜೆಕ್ಟೂ ಇಲ್ಲ ಸರ್. ಅದನ್ನ ತೋರಿಸಿದ್ರೆ ನಂಬ್ತಾರಾ? ಇಲ್ಲಿ ಯಾವತ್ತು ತಡೆದ್ರು, ಯಾರ್ ಯಾರು ಮಾತಾಡಿದ್ರು, ಏನು ಬದಲಾಯ್ತು ಎಲ್ಲಾ ಇರುತ್ತೆ" ಎಂದೆ. ಮಾತು ಸ್ವಲ್ಪ ಜೋರಾಗಿಯೇ ಬಂತು. ಸುರುಳಿಯ ವಿಷಯ ನಾನು ಎತ್ತಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಆಯುಧ ಪೂಜೆ ಮಾತ್ರ ಮರೀಬೇಡಿ" ಎಂದರು. ಅದನ್ನೇ ಒಪ್ಪಿಗೆ ಎಂದುಕೊಂಡು ಹೊರಬಂದೆ.

ಕಾರ್ಖಾನೆಯ ಹಳೆಯ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ, ಸಾಲಾಗಿ ಚೌಕಗಳು ಬರುತ್ತಿದ್ದವು. ಇಂಗ್ಲಿಷಿನಲ್ಲಿ ಹಾಕಲು ನನಗೆ ಮನಸ್ಸಿರಲಿಲ್ಲ. ಅಕ್ಷರವನ್ನು ಚಿತ್ರವಾಗಿ ಹಾಕಬಹುದು ಎಂದು ಹೊಳೆದಾಗ ಎದ್ದು ಹಾಲಿನೊಳಗೆ ಹೋಗಿ ಚೀಫ್ ಮುಂದೆ ನಿಂತೆ. ಅವರು ಕೆಳಗಿನ ಡ್ರಾಯರಿನಿಂದ ಇಂಕು ಪೆನ್ನು, ಟ್ರೇಸಿಂಗ್ ಕಾಗದ ತೆಗೆದರು. ಬಹಳ ದಿನಗಳಿಂದ ಮುಟ್ಟಿರಲಿಲ್ಲವೆಂದು ನಿಬ್ಬನ್ನು ಬಿಸಿನೀರಿನಲ್ಲಿ ಅದ್ದಿದರು. ಗೆರೆ ಹಾಕಿಕೊಳ್ಳದೆ, ಉಸಿರು ಬಿಗಿಹಿಡಿದು, 'ಮಾತಾಡೋಣ' ಎಂದು ಬರೆದರು. ಸುತ್ತ ನಿಂತಿದ್ದ ಹಾಲಿನವರು ಚಪ್ಪಾಳೆ ತಟ್ಟಿದರು. ನಾನೂ ಅವರ ನಡುವೆ ನಿಂತಿದ್ದೆ. ಅದನ್ನು ಸ್ಕ್ಯಾನ್ ಮಾಡಿ ಬಟನ್ ಮಾಡಿದೆ.

ಹೊಸ ಬಟನ್ನು ಬಂದ ಮೇಲೂ ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚೀಫ್ ಅವರದೇ ಒಂದು ಡ್ರಾಯಿಂಗು ಹಳದಿಯಾಯಿತು. ರಾಯಚೂರಿನ ಹುಡುಗ ಒತ್ತಿದ್ದ. ಹಾಲಿನವರೆಲ್ಲ ಚೀಫ್ ಕಡೆ ತಿರುಗಿದರು. ಫೋನು ಬಡಿದುಕೊಂಡಿತು. ಚೀಫ್ ರಿಸೀವರ್ ಎತ್ತಿದರು.

"ಹೇಳಪ್ಪ... ಯಾವ್ದು, ಮೇಲಿನ ಮುಚ್ಚಳದ್ದಾ... ಹೌದಾ... ತಡಿ ನೋಡ್ತೀನಿ." ಬಹಳ ಹೊತ್ತು ಪರದೆ ನೋಡಿದರು. "ಸರಿ ಕಣಪ್ಪ. ಬೋಲ್ಟ್ ತಿರುಗಿಸೋಕೆ ಸ್ಪ್ಯಾನರ್ ಹೋಗಲ್ಲ, ನಾನೇ ನೋಡ್ಬೇಕಿತ್ತು. ಊಟ ಆಯ್ತಾ? ಇನ್ನೂ ಹತ್ತು ಗಂಟೆನಾ? ಸರಿ ಇಡು."

ಆಮೇಲೆ ಒಂದೇ ಬೆರಳಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಕುಟ್ಟಿದರು: "ಮಾತಾಡಿದೆವು. ಮುಚ್ಚಳದ ಎತ್ತರ ತಿದ್ದಿದೆ." ಅಲ್ಲಿಂದ ಮುಂದೆ ಎಲ್ಲರೂ ಆ ಸಾಲನ್ನು 'ಮಾತಾಡಿದೆವು' ಎಂದೇ ಶುರು ಮಾಡತೊಡಗಿದರು. ಹಾಗೆ ಬರೆಯಬೇಕೆಂಬ ನಿಯಮ ನಾನು ಮಾಡಿರಲಿಲ್ಲ.

ಹಿರಿಯರಿಗೇ ಒತ್ತಬಹುದೆಂದ ಮೇಲೆ ಉಳಿದವರಿಗೆ ಏನು ಸಂಕೋಚ? ದಿನಕ್ಕೆ ಹತ್ತಾರು ಹಳದಿ ಬರತೊಡಗಿದವು, ಹಾಲಿನ ಫೋನು ಸುಮ್ಮನಿರದಾಯಿತು. ಕೆಲವರಂತೂ ಮುಖ ನೋಡದ ಪರಿಶೀಲಕರ ಜೊತೆ ಮನೆಮಂದಿಯಂತಾದರು, ಡ್ರಾಯಿಂಗಿನ ಜೊತೆ ಮಕ್ಕಳ ಜ್ವರ, ರೂಮಿನ ಬಾಡಿಗೆ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆ ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂಬುದೆಲ್ಲ ಇತ್ಯರ್ಥವಾಗುತ್ತಿತ್ತು. ನಾನು ಪ್ಯಾಸೇಜಿನಲ್ಲಿ ಕೂತು ಪರದೆಯಲ್ಲಿ ಹಳದಿ ಹಸಿರಾಗುವುದನ್ನು ನೋಡುತ್ತಿದ್ದೆ. ಎಲ್ಲರ ಮಾತಿಗೆ ದಾರಿ ಮಾಡಿಕೊಟ್ಟವಳು ನಾನು. ನನ್ನ ಹತ್ತಿರ ಒಪ್ಪಿಗೆಗೆ ಏನೂ ಬರುತ್ತಿರಲಿಲ್ಲ, ನಾನು ಡ್ರಾಯಿಂಗಿನವಳಲ್ಲವಲ್ಲ.

ಆಯುಧ ಪೂಜೆಯ ಬೆಳಿಗ್ಗೆ ವ್ಯಾನಿಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು ಹೊರಡಿಸಿದರು. ಅದಕ್ಕೆ ಮೊದಲು ಜನರಲ್ ಮ್ಯಾನೇಜರರು ತಾವೇ ಹತ್ತಿ ಸೀಟಿನಡಿ ಕೈಯಾಡಿಸಿದರು. ಕಡಲೆಪುರಿಯ ಚೀಲ, ಬೂದುಗುಂಬಳ ಬಿಟ್ಟರೆ ಏನೂ ಇರಲಿಲ್ಲ. ಇಳಿದು ಬಂದು, "ಹಾಲು ಇಲ್ಲೇ ಇರ್ಲಿ" ಎಂದರು. ಚೀಫ್ ನನ್ನ ಕಡೆ ನೋಡಿದರು. ನಾನು ಸಂದರ್ಭ ಬಿಡಲಿಲ್ಲ, "ಸರ್, ನನಗೂ ಒಳಗೆ ಒಂದು ಟೇಬಲ್" ಎಂದೆ. "ಮುಂದಿನ ತಿಂಗಳು ನೋಡೋಣ" ಎಂದರು ಜನರಲ್ ಮ್ಯಾನೇಜರರು.

ಮುಂದಿನ ತಿಂಗಳು ಎಷ್ಟೋ ಬಂದು ಹೋದವು. ಒಂದು ಸಲ ಬಣ್ಣ ಹೊಡೆಸುವುದಿತ್ತು, ಒಂದು ಸಲ ವೈರಿಂಗು. ಅಷ್ಟರಲ್ಲಿ ಕಂಪನಿಯನ್ನು ಬೇರೊಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಬಂದವರು ನನ್ನ ಪೋರ್ಟಲ್ಲನ್ನು ನೋಡಿ ಬಾಯಿ ತುಂಬ ಹೊಗಳಿದರು. ಎಲ್ಲ ಡ್ರಾಯಿಂಗು, ಎಲ್ಲ ಒಪ್ಪಿಗೆ, ಎಲ್ಲ ತಿದ್ದುಪಡಿ ಎಲ್ಲಿಂದ ಬೇಕಾದರೂ ಆಗುತ್ತಿರುವಾಗ ದಂಡು ಪ್ರದೇಶದಲ್ಲಿ ಬಾಡಿಗೆ ಬಂಗಲೆ ಯಾಕೆ ಎಂದು ಅವರಿಗೆ ಸಹಜವಾಗಿಯೇ ಅನ್ನಿಸಿತು. ಜನರಲ್ ಮ್ಯಾನೇಜರರು ಸುದ್ದಿ ಹೇಳುವಾಗ ನನಗೆ ಸಮಾಧಾನವಾಗಲೆಂದೇ, "ನಿಮ್ಮ ಪೋರ್ಟಲ್ ಇದೆಯಲ್ಲ, ಎಲ್ಲಿದ್ರೂ ಒಟ್ಟಿಗೇ ಇದ್ದಂಗೆ" ಎಂದರು. ಹಾಲನ್ನು ಉಳಿಸಲೆಂದು ನಾನು ಕಟ್ಟಿದ್ದು, ಹಾಲು ಬೇಡ ಎನ್ನುವುದಕ್ಕೆ ಆಧಾರವಾಯಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ನನ್ನ ಕೆಲಸ ಚೆನ್ನಾಗಿ ಆಗಿತ್ತು.

ಟೇಬಲ್ಲುಗಳನ್ನು ಶಿವಾಜಿನಗರದ ಹಳೇ ಸಾಮಾನಿನವರು ಬಂದು ಹೊತ್ತರು. ಹಾಲಿನವರಲ್ಲಿ ಕೆಲವರು ಹೊಸ ಕಂಪನಿಯ ಚೆನ್ನೈ ಆಫೀಸಿಗೆ, ಕೆಲವರು ಗರುಡಾಚಾರ್‌ಪಾಳ್ಯಕ್ಕೆ, ಉಳಿದವರು ಬೇರೆ ಬೇರೆ ಕಂಪನಿಗೆ ಹೋದರು. ಚೀಫ್ ಅದೇ ತಿಂಗಳು ನಿವೃತ್ತರಾದರು. ಅವರ ಕೊನೆಯ ದಿನ ನಾನು ಕಾರ್ಖಾನೆಯಲ್ಲಿ ಸರ್ವರು ಕೂರಿಸುತ್ತಿದ್ದೆ. ಸಂಜೆ ವಾಪಸು ಬರುವಾಗ ಇಂದಿರಾನಗರದಲ್ಲಿ ಮೆಟ್ರೋ ಕೆಲಸಕ್ಕೆ ರಸ್ತೆ ಅಗೆದಿದ್ದರು, ವ್ಯಾನು ಬಂಗಲೆ ಮುಟ್ಟುವಷ್ಟರಲ್ಲಿ ಗೇಟಿಗೆ ಬೀಗ ಬಿದ್ದಿತ್ತು.

ಕಾರ್ಖಾನೆಯ ಪಕ್ಕದಲ್ಲಿ ಎದ್ದ ಗಾಜಿನ ಕಟ್ಟಡದಲ್ಲಿ ನನಗೆ ಒಳ್ಳೆಯ ಟೇಬಲ್ಲು ಕೊಟ್ಟರು. ಸುತ್ತ ಎಷ್ಟೋ ಜನ, ಎಲ್ಲರ ಕಿವಿಯಲ್ಲೂ ಹೆಡ್‌ಫೋನು. ಸ್ವಲ್ಪ ಕಾಲದಲ್ಲೇ ಮಾಲೀಕ ಕಂಪನಿಯ ಜಾಗತಿಕ ವ್ಯವಸ್ಥೆ ಬಂತು, ಅದರಲ್ಲಿ ಅಪ್ರೂವ್ ಮತ್ತು ರಿಜೆಕ್ಟ್ ಎರಡೇ ಬಟನ್ನು. ಈಗ ಎಲ್ಲರೂ ಸಲೀಸಾಗಿ ಒತ್ತುತ್ತಾರೆ. ಹಳೆಯ ಪೋರ್ಟಲ್ಲನ್ನು ಮುಚ್ಚುವ ಕೆಲಸ ನನ್ನ ಪಾಲಿಗೇ ಬಂತು. ಮುಚ್ಚುವ ಮೊದಲು ಇತ್ಯರ್ಥವಾಗದೆ ಉಳಿದದ್ದನ್ನೆಲ್ಲ ಮುಗಿಸಬೇಕೆಂಬ ನಿಯಮ ನಾನೇ ಬರೆದದ್ದು. ಒಂದೊಂದೇ ಕೋಣೆ ನೋಡುತ್ತ ಬಂದೆ. ಒಂದು ಡ್ರಾಯಿಂಗು ಮಾತ್ರ ಒಪ್ಪಿಗೆಗೆ ಕಾಯುತ್ತಿತ್ತು. ಪರಿಶೀಲಕರ ಜಾಗದಲ್ಲಿ ನನ್ನ ಹೆಸರಿತ್ತು.

ಚೀಫ್ ತಮ್ಮ ಕೊನೆಯ ದಿನ ಹಾಕಿದ್ದು. ಆ ವಾರ ಸರ್ವರು ಸ್ಥಳಾಂತರವಾಗುತ್ತಿತ್ತು, ನನಗೆ ಬರಬೇಕಾದ ಸೂಚನೆ ಬಂದಿರಲಿಲ್ಲ. ತೆರೆದೆ. ಬಂಗಲೆಯ ಹಾಲಿನ ನಕ್ಷೆ. ಉತ್ತರದ ಕಿಟಕಿಗಳು, ಬಾಗಿಲು, ಪ್ರತಿಯೊಂದು ತೇಗದ ಟೇಬಲ್ಲು, ಅದರಲ್ಲಿ ಕೂರುತ್ತಿದ್ದವರ ಹೆಸರು, ಎಲ್ಲವೂ ಅಳತೆಗೆ ತಕ್ಕಂತೆ. ಪ್ಯಾಸೇಜಿನಲ್ಲಿ ರ‍್ಯಾಕು, ನೀರಿನ ಫಿಲ್ಟರು. ಫಿಲ್ಟರಿನ ಪಕ್ಕದ ಜಾಗ ಖಾಲಿ. ನನ್ನ ಟೇಬಲ್ಲನ್ನು ಅವರು ಮರೆತಿದ್ದಾರೆ ಎಂದುಕೊಂಡೆ. ಆಮೇಲೆ ಕಂಡಿತು. ಹಾಲಿನೊಳಗೆ, ಮೂರನೆಯ ಕಿಟಕಿಯ ಕೆಳಗೆ, ಅವರ ಟೇಬಲ್ಲಿನ ಎದುರಿಗೆ, ನನ್ನ ಹೆಸರು.

ನಿಯಮದ ಪ್ರಕಾರ ಅದು ತಪ್ಪು. ನಾನು 'ಮಾತಾಡೋಣ' ಒತ್ತಿ ಹಲಸೂರಿನ ಅವರ ಮನೆಗೆ ಫೋನು ಮಾಡಿದೆ.

"ಈಗ ನೋಡಿದ್ರಾ? ಎಷ್ಟು ಕಾಲ ಪೆಂಡಿಂಗ್ ಇಟ್ಕೊಳ್ಳೋದಮ್ಮ!" ಧ್ವನಿ ಸ್ವಲ್ಪ ಸಣ್ಣದಾಗಿತ್ತು, ಗದರಿಕೆ ಹಳೆಯದೇ.

"ಸರ್, ನನ್ನ ಟೇಬಲ್ ತಪ್ಪು ಜಾಗದಲ್ಲಿ ತೋರಿಸಿದ್ದೀರಿ. ನಾನು ಕೂತಿದ್ದು ಹೊರಗೆ."

"ಕೂತಿದ್ದು ಎಲ್ಲಿ ಅಂತ ನಂಗೊತ್ತಿಲ್ವಾ? ಮೂಲೆಲಿ ನೋಡಿ, ರಿವಿಜನ್ ಒಂದು ಅಂತ ಹಾಕಿದ್ದೀನಿ. ತಿದ್ದಿರೋದೇ ಅದು."

ನಾನು ಮೂಲೆ ನೋಡಿದೆ, ಅವರು ಹೇಳಿದಂತೆಯೇ ಇತ್ತು. ಅವರೇ ಮಾತಾಡಿದರು. ಕೆರೆಯ ಸುತ್ತ ನಡೆಯಲು ಹೋಗುತ್ತಾರಂತೆ. ರಾಯಚೂರಿನ ಹುಡುಗ ಮದುವೆಗೆ ಕರೆಯಲು ಮನೆ ಹುಡುಕಿಕೊಂಡು ಬಂದಿದ್ದನಂತೆ. ಬಂಗಲೆಯ ಕಡೆ ಮಾತ್ರ ಅವರು ಹೋಗುವುದಿಲ್ಲವಂತೆ. ಒಂದು ದಿನ ಮನೆಗೆ ಬನ್ನಿ ಎಂದರು, ಬರುತ್ತೇನೆ ಎಂದೆ.

ಫೋನಿಟ್ಟು ಪರದೆಗೆ ತಿರುಗಿದೆ. ಕೊನೆಯ ಸಾಲನ್ನು ಡ್ರಾಯಿಂಗು ಬರೆದವರೇ ಬರೆಯಬೇಕು, ಆದರೆ ಅವರ ಖಾತೆ ಎಂದೋ ಮುಚ್ಚಿತ್ತು. ಅದೊಂದು ನಿಯಮವನ್ನು ನಾನೇ ಮುರಿದೆ. ಕಂಪ್ಯೂಟರುಗಳಲ್ಲಿ ಈಗ ಕನ್ನಡ ಮೂಡುತ್ತಿತ್ತು. ನಿಧಾನವಾಗಿ ಟೈಪು ಮಾಡಿದೆ:

"ಮಾತಾಡಿದೆವು. ತಿದ್ದುವುದೇನೂ ಇಲ್ಲ."